ಅಕ್ಕನ ರಟ್ಟೆ, ನನ್ನ ಜೋಳಿಗೆ

ನೌಕರಿಯ ಕೊನೆಯ ಹನ್ನೆರಡು ವರ್ಷ, ರಟ್ಟೆ ಮುರಿದುಕೊಂಡು ನಮ್ಮ ಆಸ್ಪತ್ರೆಗೆ ಬಂದ ವಯಸ್ಸಾದವರನ್ನೆಲ್ಲ ನಾನು ಒಂದು ಪ್ರಶ್ನೆ ಕೇಳುತ್ತಿದ್ದೆ. ನನ್ನ ಒಡಹುಟ್ಟಿದ ಅಕ್ಕ ಅದೇ ರಟ್ಟೆ ಮುರಿದುಕೊಂಡು ಅದೇ ಬೆಂಚಿನ ಮೇಲೆ ಬಂದು ಕುಳಿತಾಗ ಅವಳನ್ನು ಕೇಳಲಿಲ್ಲ. ಮರೆತದ್ದಲ್ಲ, ಬೇಕೆಂದೇ ಕೇಳಲಿಲ್ಲ. ಮೇಲಾಗಿ, ಕೇಳಿದ್ದೇನೆ ಎಂದು ಡಾಕ್ಟರ ಮುಂದೆ ಸುಳ್ಳು ಹೇಳಿದೆ.

ಇದನ್ನು ಮೊದಲೇ ಬರೆದಿಟ್ಟಿದ್ದೇನೆ. ಕೊನೆಗೆ ಬರೆದರಾಯಿತು ಎಂದು ಬಿಟ್ಟರೆ ಆ ಹೊತ್ತಿಗೆ ನನ್ನ ಧೈರ್ಯ ಹೋಗಿರುತ್ತದೆ. ನಾನು ಕಲಿತದ್ದು ಏಳನೆಯ ಇಯತ್ತೆ. ಅಕ್ಷರ ದೊಡ್ಡವು, ತಪ್ಪುಗಳೂ ಬಹಳ. ಆದರೂ ಪ್ಲಾಸ್ಟರ್ ಕೋಣೆಗೆ ಹೊಸದಾಗಿ ಸೇರುವ ನಿಮಗೆ ಹೇಳುವಂಥದ್ದು ನನ್ನ ಹತ್ತಿರ ಸ್ವಲ್ಪ ಇದೆ. ನಿಮ್ಮ ತರಬೇತಿಯ ಪುಸ್ತಕದಲ್ಲಿ ಎಲುಬಿನ ಚಿತ್ರ ಇರುತ್ತದೆ. ಆ ಎಲುಬಿನವರ ಮನೆ ಮಠ ಅದರಲ್ಲಿ ಇರುವುದಿಲ್ಲ.

ನನ್ನ ಹೆಸರು ಬಾಳಪ್ಪ, ಊರು ಜುಗೂಳ. ತಾಯಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕ ಸತ್ಯವ್ವನಿಗೆ ಹದಿನಾರು. ಅವಳನ್ನು ಊರೊಳಗೇ ಕೊಟ್ಟಿದ್ದರು. ಗಂಡನ ಮನೆಗೆ ಹೋಗುವಾಗ ನನ್ನನ್ನು ಬಗಲಿಗೆ ಹಾಕಿಕೊಂಡೇ ಹೋದಳು. ಅತ್ತೆ ಮುಖ ತಿರುಗಿಸಿದರೆ, "ಇಂವ ನನ್ನ ಜೋಡಿ ಬಂದ ಸಾಮಾನ ಐತ್ರಿ, ಭಾಂಡೆ ಪಾತ್ರಿ ಇಟ್ಟಕೊಂಡಂಗ ಇಟ್ಟಕೋರಿ" ಅನ್ನುತ್ತಿದ್ದಳಂತೆ. ಹೊಲ ಸ್ವಲ್ಪ, ಎಮ್ಮೆ ಎರಡು. ಎಮ್ಮೆಯ ಹಾಲಿನ ಮೇಲೆ ನಾನು ಬೆಳೆದೆ. ಶಾಲೆ ಬಿಟ್ಟ ಮೇಲೆ ಕಬ್ಬು ಕಡಿದೆ, ಬೆಲ್ಲದ ಗಾಣದಲ್ಲಿ ದುಡಿದೆ, ಕೊನೆಗೆ ಚಿಕ್ಕೋಡಿಯ ಒಂದು ಎಲುಬಿನ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿಂದ ಪ್ಲಾಸ್ಟರ್ ಕೋಣೆಗೆ ಹೇಗೆ ಹೋದೆ ಎನ್ನುವುದೂ ದೊಡ್ಡ ಕಥೆಯಲ್ಲ. ಮೊದಲಿದ್ದವನು ಬಿಟ್ಟು ಹೋದ, ಬಕೆಟ್ಟು ಹಿಡಿದು ನಿಂತಿದ್ದವನು ನಾನೇ.

ಆಗ ನಮ್ಮ ಹಳೆಯ ಡಾಕ್ಟರ್ ಸಾಹೇಬರು ಇದ್ದರು. ಅವರ ಬೈಗುಳಕ್ಕೆ ಎಲುಬು ತಾನೇ ಕೂಡಿಕೊಳ್ಳುತ್ತದೆ ಎಂದು ನರ್ಸ್‌ಬಾಯಿಗಳು ನಗುತ್ತಿದ್ದರು. ಈಗ ಪ್ಲಾಸ್ಟರಿನ ಸಿದ್ಧ ಸುರುಳಿಗಳು ಬರುತ್ತವೆ. ಆಗ ಜಾಳು ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಪುಡಿ ಉದುರಿಸಿ, ಅಂಗೈಯಿಂದ ತಿಕ್ಕಿ, ನಾವೇ ಸುರುಳಿ ಸುತ್ತಬೇಕು. ಪುಡಿ ಹಾರಿ ನಮ್ಮ ಹುಬ್ಬು ಬೆಳ್ಳಗೆ, ಮೀಸೆ ಬೆಳ್ಳಗೆ. ನೀರಲ್ಲಿ ಮುಳುಗಿಸಿದ ಸುರುಳಿಯಿಂದ ಗುಳ್ಳೆ ಏಳುವುದು ನಿಂತಾಗಲೇ ಎತ್ತಬೇಕು, ಮೊದಲು ಎತ್ತಿದರೆ ಒಳಗೆ ಪುಡಿ, ತಡವಾದರೆ ಕಲ್ಲು. ಇದನ್ನು ನಾನು ಒಂದು ತಿಂಗಳಲ್ಲಿ ಕಲಿತು ಬೀಗಿಬಿಟ್ಟೆ. ಸಾಹೇಬರು ನೋಡಿದರು.

"ಪ್ಲಾಸ್ಟರ್ ಹಾಕೂದು ಯಾರರ ಕಲೀತಾರ, ಬಾಳ್ಯಾ. ಎಲ್ಲಿ ಹಾಕಬಾರದು ಅನ್ನೂದ ಕಲಿ."

ಎಲ್ಲಿ ಹಾಕಬಾರದು ಎನ್ನುವುದರಲ್ಲಿ ಮೊದಲನೆಯದು ಹೆಗಲ ಬುಡ. ವಯಸ್ಸಾದವರು ಬಚ್ಚಲಲ್ಲಿ ಜಾರಿಯೋ ಹೊಸ್ತಿಲು ಎಡವಿಯೋ ಕೈ ಊರಿ ಬೀಳುತ್ತಾರೆ. ರಟ್ಟೆಯ ಎಲುಬು ಹೆಗಲ ಕೆಳಗೇ ಲಟಕ್ಕೆಂದು ಮುರಿಯುತ್ತದೆ. ಅಲ್ಲಿ ಪ್ಲಾಸ್ಟರ್ ಸುತ್ತಲು ಜಾಗವೇ ಇಲ್ಲ. ಕೊರಳಿಗೆ ಬಟ್ಟೆಯ ಜೋಳಿಗೆ ಕಟ್ಟಿ ಕೈ ಅದರಲ್ಲಿ ಇಡಿಸಿದರೆ, ಕೈಯ ಭಾರವೇ ಎಲುಬನ್ನು ಮೆಲ್ಲಗೆ ಕೆಳಗೆಳೆದು ಹಾದಿಗೆ ತರುತ್ತದೆ. ಉಳಿದ ಕೆಲಸ ದಿನಗಳದ್ದು.

ಆದರೆ ಮುರಿದುಕೊಂಡು ಬಂದವರಿಗೆ ಇದು ಔಷಧದ ಹಾಗೆ ಕಾಣಿಸುವುದಿಲ್ಲ. "ಇಷ್ಟ ದೂರ ಬಂದದ್ದ ಈ ಅರಿವಿ ತುಂಡ ಕಟ್ಟಿಸಿಕೊಳ್ಳಾಕೇನ?" ಎಂದು ಮುಖದ ಮೇಲೆ ಕೇಳಿದವರಿದ್ದಾರೆ. "ಭಿಕ್ಷಾ ಬೇಡಾಕ ಹೊಂಟಂಗ ಕಾಣಸ್ತೀನಿ" ಎಂದವರೂ ಇದ್ದಾರೆ. ನಕ್ಕು ಬಿಡಬೇಡಿ. ಈ ನಾಚಿಕೆ ಎಷ್ಟು ಕೆಲಸ ಕೆಡಿಸುತ್ತದೆ ಎಂದು ನಿಮಗೆ ಮುಂದೆ ತಿಳಿಯುತ್ತದೆ. ನನಗೂ ತಡವಾಗಿಯೇ ತಿಳಿಯಿತು.

ನನ್ನ ಮೊದಲ ದೊಡ್ಡ ತಪ್ಪು ಆದದ್ದು ನಿಪ್ಪಾಣಿಯ ಒಬ್ಬ ಬೀಡಿ ಕಟ್ಟುವ ಮರಾಠಿ ಆಯಿಯ ವಿಷಯದಲ್ಲಿ. ಜೋಳಿಗೆ ಕಟ್ಟಿ, ಕೈ ಅಲುಗಿಸಬೇಡ, ಇದನ್ನು ತೆಗೆಯಬೇಡ ಎಂದು ಗಟ್ಟಿಯಾಗಿ ಹೇಳಿ ಕಳಿಸಿದೆ. ಹತ್ತು ದಿನಕ್ಕೆ ತೋರಿಸಲು ಬರಬೇಕಾಗಿತ್ತು, ಬರಲಿಲ್ಲ. ನಾನೂ ಮರೆತೆ. ಮೂರು ತಿಂಗಳ ಮೇಲೆ ಮೊಮ್ಮಗಳ ಹೆಗಲು ಹಿಡಿದು ಒಳಗೆ ಬಂದಳು. ಕೊರಳಲ್ಲಿ ಅದೇ ಜೋಳಿಗೆ! ಹರಿದಲ್ಲಿ ಇಳಕಲ್ ಸೀರೆಯ ತುಂಡು ಹಚ್ಚಿ ಚೆಂದವಾಗಿ ಹೊಲಿದಿದ್ದಳು. ಕೈ ಹೊರಗೆ ತೆಗೆಸಿದರೆ ಹೆಗಲು ಮರದ ಕೊರಡಾಗಿತ್ತು.

"ಆಯಿ, ಇಷ್ಟ ದಿನ ಯಾಕ ಇಟಗೊಂಡಿ?" ಎಂದೆ.

"ಅರೇ ಬಾಬಾ, ತೂಚ ಸಾಂಗಿತ್ಲಂಸ ನಾ, ಕಾಢೂ ನಕೋ ಮ್ಹಣೂನ!" ಎಂದಳು. ತೆಗೆಯಬೇಡ ಅಂತ ನೀನೇ ಹೇಳಿದ್ದೆಯಲ್ಲ, ಎಂದು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳಿದ ಮಾತು ತಪ್ಪದೆ ನಡೆಸಿದ ಹೆಮ್ಮೆ ಇತ್ತು.

ಸಾಹೇಬರು ನನ್ನನ್ನು ಮೂಲೆಗೆ ಕರೆದು, "ಕಟ್ಟೂದ ಹೇಳಿದಿ, ಬಿಚ್ಚೂದ ಯಾರ ಹೇಳಬೇಕಲೇ? ನಿಮ್ಮಪ್ಪ ಬಂದ ಹೇಳತಾನೇನ?" ಎಂದರು. ಜೋಳಿಗೆ ಇರಬೇಕಾದದ್ದು ಎರಡು ವಾರ, ಬಹಳವಾದರೆ ಮೂರು ವಾರ. ಬೆರಳು, ಮಣಿಕಟ್ಟು, ಮೊಣಕೈಯನ್ನು ಮೊದಲ ದಿನದಿಂದಲೇ ಆಡಿಸಬೇಕು. ನೋವು ಇಳಿದಂತೆ ಹೆಗಲನ್ನೂ ಆಡಿಸಬೇಕು. ಇಲ್ಲವೆಂದರೆ ಎಲುಬು ಕೂಡುತ್ತದೆ, ಕೈ ಕೂಡುವುದಿಲ್ಲ. ನನಗೆ ಇದೆಲ್ಲ ಗೊತ್ತಿತ್ತು. ಬಂದವರ ಕಿವಿಗೆ ಹೇಗೆ ಹಾಕಬೇಕು ಎನ್ನುವುದು ಗೊತ್ತಿರಲಿಲ್ಲ.

ಅದನ್ನು ಕಲಿಸಿದವಳು ಅಕ್ಕ. ಆ ರವಿವಾರ ಜುಗೂಳಕ್ಕೆ ಹೋಗಿ ಅವಳ ಮುಂದೆ ಈ ಕಥೆ ಹೇಳಿದೆ. ಎಮ್ಮೆಗೆ ಮೈ ತಿಕ್ಕುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಲ್ಲೋ, ಮುದಿಕ್ಯಾರಿಗೆ ಎರಡ ವಾರ, ಮೂರ ವಾರ, ತಾರೀಖ ಇಷ್ಟ ಅಂದ್ರ ಏನ ತಿಳೀತೈತಿ? ಅಮಾಸಿ ಹುಣ್ಣಿವಿ ಹೇಳು. ಈ ಅಮಾಸಿಗೆ ಕೈ ತೆಗಿ, ಮುಂದಿನ ಹುಣ್ಣಿವಿಗೆ ಕೊಡಾ ಎತ್ತು ಅನ್ನು. ಯಾಂವ ಮರೀತಾನ ನೋಡೋಣ."

"ಕೈ ಹೆಂಗ ಆಡಿಸಬೇಕ ಅಂತ ಹೇಳಿದ್ರೂ ತಿಳಿಯೂದಿಲ್ಲ ಅಕ್ಕಾ. ಬಗ್ಗಿ ನಿಂತ, ಕೈ ಜೋತ ಬಿಟ್ಟ, ದುಂಡಗ ತಿರುಗಿಸಬೇಕ. ಹೇಳಿದ್ರ ಪಿಳಿಪಿಳಿ ನೋಡತಾರ."

ಅಕ್ಕ ಎಮ್ಮೆಯ ಬೆನ್ನ ಮೇಲೆ ಎಡಗೈ ಊರಿ ಬಗ್ಗಿದಳು. ಬಲಗೈ ಇಳಿಬಿಟ್ಟು ಗಾಳಿಯಲ್ಲಿ ಬೀಸುಕಲ್ಲು ತಿರುಗಿಸಿದಳು. "ಹಿಂಗನ? ಇದು ಬೀಸೂದ ಅಲ್ಲೇನೋ ಹುಚ್ಚಪ್ಯಾಲಿ! ನೆಲದ ಮ್ಯಾಲ ಬೀಸೂಕಲ್ಲ ಐತಿ, ಗೂಟಾ ಹಿಡದ ತಿರುಗಸು ಅನ್ನು."

ಅಂದಿನಿಂದ ನಮ್ಮ ಪ್ಲಾಸ್ಟರ್ ಕೋಣೆಯಲ್ಲಿ ಅಮಾವಾಸ್ಯೆಯ ಲೆಕ್ಕ, ಬೀಸುಕಲ್ಲಿನ ವ್ಯಾಯಾಮ ನಡೆದವು. ರಾಯಬಾಗ, ಅಥಣಿ, ಕಾಗವಾಡ ಕಡೆಯ ಎಷ್ಟೋ ಮುದುಕಿಯರು ಗೋಡೆ ಹಿಡಿದು ಬಗ್ಗಿ, ಕಣ್ಣು ಮುಚ್ಚಿ, ಇಲ್ಲದ ಜೋಳ ಬೀಸಿದ್ದಾರೆ. ಸಾಹೇಬರು ಹೊರಗಿನಿಂದ ಬಂದ ಡಾಕ್ಟರರಿಗೆ ನನ್ನನ್ನು ತೋರಿಸಿ, "ಇದು ಇಂವನ ಹಿಕಮತ್ತು" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಅಕ್ಕನದು ಎಂದು ಒಂದು ದಿನವೂ ಹೇಳಲಿಲ್ಲ. ಅದೂ ನನ್ನ ಲೆಕ್ಕದಲ್ಲೇ ಇದೆ.

ಇನ್ನೊಂದು ಸಣ್ಣ ಮಾತು, ಮರೆಯುವ ಮೊದಲು ಹೇಳುತ್ತೇನೆ. ಜೋಳಿಗೆ ಕಟ್ಟಿ ಕಳಿಸಿದ ನಾಲ್ಕೈದು ದಿನಕ್ಕೆ ಕೈ ಮೊಣಕೈವರೆಗೆ, ಕೆಲವರಿಗೆ ಎದೆಯವರೆಗೂ, ಕಪ್ಪು ನೀಲಿ ಆಗುತ್ತದೆ. ಒಳಗಿನ ರಕ್ತ ಕೆಳಗಿಳಿದದ್ದು ಅಷ್ಟೆ. ಇದನ್ನು ನಾನು ಮೊದಲೇ ಹೇಳದೆ ಇದ್ದುದರಿಂದ ಶೇಡಬಾಳದ ಒಬ್ಬ ಅಜ್ಜ ಟ್ರ್ಯಾಕ್ಟರಿನಲ್ಲಿ ಮಲಗಿಕೊಂಡು ಬಂದಿದ್ದ. "ವಿಷಾ ಏರೇತ್ರಿ, ಕೈ ಕಡೀರಿ ಬೇಕಾದ್ರ, ಜೀವಾ ಉಳಸ್ರಿ" ಎಂದ. ದಾರಿಯಲ್ಲೇ ಮಕ್ಕಳಿಗೆಲ್ಲ ಆಸ್ತಿಯ ಪಾಲು ಹೇಳಿಯೂ ಮುಗಿಸಿದ್ದನಂತೆ. ಹೇಳಿ ಕಳಿಸಿ. ಕಪ್ಪಾಗುತ್ತದೆ, ಹೆದರಬೇಡಿ, ಬೆನ್ನಿಗೆ ದಿಂಬು ಕೊಟ್ಟು ಒರಗಿ ಮಲಗಿ, ಎಂದು ಹೇಳಿ.

ಆಮೇಲೆ ಪ್ಲೇಟುಗಳ ಕಾಲ ಬಂತು. ಆಪರೇಷನ್ ನಡೆಯುವಾಗಲೇ ಪರದೆಯ ಮೇಲೆ ಎಲುಬು ತೋರಿಸುವ ಯಂತ್ರ ಬಂತು. ಸಾಹೇಬರಿಗೆ ವಯಸ್ಸಾಗಿ ಅವರು ವಾರಕ್ಕೆರಡು ದಿನ ಬರತೊಡಗಿದರು. ಎಲುಬಿನ ಮೇಲೆ ತಟ್ಟೆ ಇಟ್ಟು ಸ್ಕ್ರೂ ಬಿಗಿದ ಎಕ್ಸರೇ ನೋಡಿದರೆ ನನಗೂ ಮೈ ಜುಂ ಎನ್ನುತ್ತಿತ್ತು, ಎಷ್ಟು ನೆಟ್ಟಗೆ! ಜನರಿಗೂ ಹಾಗೆಯೇ. ಊರಿನಲ್ಲಿ ನೋಡಲು ಬಂದವರ ಮುಂದೆ ಆ ಎಕ್ಸರೇ ಹಿಡಿದು ತೋರಿಸಬಹುದು. ಜೋಳಿಗೆಯಲ್ಲಿ ತೋರಿಸಲು ಏನಿದೆ? ಆಪರೇಷನ್ ಮಾಡಿಸಿದ ಮಗ ಒಳ್ಳೆಯ ಮಗ, ಜೋಳಿಗೆ ಕಟ್ಟಿಸಿ ಮನೆಗೆ ಕರೆದುಕೊಂಡು ಬಂದವನು ಕೈ ಬಿಟ್ಟವನು. ಹೀಗೊಂದು ತಿಳಿವಳಿಕೆ ನಮ್ಮ ಕಡೆ ಬೇರೂರಿತು.

ಅದೇ ಹೊತ್ತಿಗೆ ಮೇಡಂ ಬಂದರು. ಹೊಸದಾಗಿ ಕಲಿತು ಬಂದ ಎಲುಬಿನ ಡಾಕ್ಟರು, ದನಿ ಏರಿಸಿದ್ದು ನಾನು ಕೇಳಿಲ್ಲ. ಆಪರೇಷನ್ ಕಲಿತವರು ಆಪರೇಷನ್ ಹೆಚ್ಚು ಮಾಡುತ್ತಾರೆ ಎಂದುಕೊಂಡಿದ್ದೆ. ಆದರೆ ಅವರು ರಟ್ಟೆ ಮುರಿದ ವಯಸ್ಸಾದವರ ವಿಷಯದಲ್ಲಿ ಕೈ ಹಿಂದೆಯೇ ಇಟ್ಟರು. ಎಲುಬು ಸ್ವಲ್ಪ ಜರುಗಿದ್ದರೂ ಬಹಳ ಮಂದಿಗೆ ಒಂದೆರಡು ವರ್ಷದ ಮೇಲೆ ನೋಡಿದರೆ ಆಪರೇಷನ್ ಆದವರ ಕೈ, ಜೋಳಿಗೆ ಕಟ್ಟಿದವರ ಕೈ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಆಪರೇಷನ್ ಆದವರಲ್ಲಿ ಕೆಲವರಿಗೆ ಮತ್ತೊಮ್ಮೆ ಆಪರೇಷನ್ ಮೇಜು ಹತ್ತುವ ಪಾಡು ಬರುತ್ತದೆ, ಎಂದು ಅವರು ಹೇಳುತ್ತಿದ್ದರು. ಹಾಗಂತ ಆಪರೇಷನ್ ಕೆಟ್ಟದ್ದು ಎನ್ನುತ್ತಿರಲಿಲ್ಲ. ಅಥಣಿ ಕಡೆಯ ಒಬ್ಬ ದ್ರಾಕ್ಷಿ ತೋಟದ ಹೆಣ್ಣುಮಗಳಿಗೆ ಎಲುಬಿನ ತಲೆಯೇ ಕೀಲು ಬಿಟ್ಟು ಹೊರಗೆ ಬಂದಿತ್ತು. ಆಕೆಗೆ ಮರುದಿನವೇ ಆಪರೇಷನ್ ಮಾಡಿದರು. ಮುಂದಿನ ವರ್ಷ ಆಕೆ ತಲೆಯ ಮೇಲಿನ ಚಪ್ಪರದಲ್ಲಿ ಕತ್ತರಿ ಆಡಿಸುತ್ತಿದ್ದಳು.

ಎರಡೂ ದಾರಿ ಇದ್ದಾಗ ಏನು ಮಾಡಬೇಕು? ಮೇಡಂ ನನ್ನನ್ನು ಕರೆದು ಹೇಳಿದರು: "ಬಾಳಪ್ಪಣ್ಣ, ನಾ ಹೇಳಿದ್ರ ಅವರು ಹೂಂ ಅಂತಾರ, ಏನೂ ಕೇಳೂದಿಲ್ಲ. ನಿಮ್ಮ ಜೋಡಿ ಮಾತಾಡ್ತಾರ. ನಾ ಹೇಳಿದ್ದನ್ನ ನಿಮ್ಮ ಮಾತಿನ್ಯಾಗ ಮತ್ತ ಹೇಳ್ರಿ. ಎರಡೂ ಹೇಳ್ರಿ, ಒಂದ ಹೇಳಬ್ಯಾಡ್ರಿ. ಆಮ್ಯಾಲ ಒಂದ ಮಾತ ಕೇಳ್ರಿ, ಈ ಕೈಲೆ ಏನ ಕೆಲಸ ಮಾಡ್ತೀರಿ ಅಂತ. ಏನಂದ್ರು ಅನ್ನೂದನ್ನ ಪೇಪರಿನ ಮ್ಯಾಲ ಬರೀರಿ."

ನೋಡಿ, ಏಳನೆಯ ಇಯತ್ತೆಯ ನನ್ನ ಅಕ್ಷರ ರೋಗಿಯ ಪೇಪರಿನ ಮೇಲೆ! ಮೂವತ್ತು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದು.

ಆ ಪ್ರಶ್ನೆಗೆ ಬರುವ ಉತ್ತರಗಳು ಎಷ್ಟು ಬಗೆ ಎಂದರೆ ನಾನು ಬೆರಗಾಗುತ್ತಿದ್ದೆ. ಒಬ್ಬಳು ಬಾಚಣಿಗೆ ಹಿಡಿಯಬೇಕು ಎಂದಳು. ಒಬ್ಬ ಭಜನೆಯಲ್ಲಿ ತಾಳ ಹಾಕಬೇಕು ಎಂದ. ಶಿರಗುಪ್ಪಿಯ ಒಬ್ಬ ಅಜ್ಜ ಬಂದ, ಮೂರು ಮಕ್ಕಳು, ಬೇಕಾದಷ್ಟು ಕಬ್ಬು. ಮಕ್ಕಳು ಬಂದವರೇ, "ಆಪರೇಷನ್ ಮಾಡ್ರಿ, ಬರೋಬರಿ ಮಾಡ್ರಿ, ಬೀಗರ ಮುಂದ ಅರಿವಿ ಕಟಗೊಂಡ ಕುಂದ್ರೂದ ಬ್ಯಾಡ" ಎಂದರು. ನಾನು ಅಜ್ಜನ ಹತ್ತಿರ ಕುಳಿತೆ.

"ಯಜ್ಜಾ, ಈ ಕೈಲೆ ಏನ ಕೆಲಸಾ ಮಾಡ್ತಿ?"

"ಕೆಲಸಾ ಮಾಡಾಕ ಈ ಮೂರ ಮಂದಿ ಅದಾವಲ್ಲ. ನಾ ಮುಂಜಾನೆ ತಲಿಗೆ ಪಟಗಾ ಸುತ್ತಕೋತೀನಿ. ಅದನ್ನ ಮಾತ್ರ ಯಾರ ಕೈಲೂ ಮಾಡಿಸಿಕೊಳ್ಳೂದಿಲ್ಲ."

ಎರಡೂ ದಾರಿ ಹೇಳಿದೆ. ಜೋಳಿಗೆಯಾದರೆ ಕೈ ಪೂರ್ತಿ ಮೇಲೆ ಹೋಗದೆ ಇರಬಹುದು, ಪಟಗದ ವಿಷಯ ಖಾತ್ರಿ ಇಲ್ಲ ಎಂದೆ. ಆಪರೇಷನ್ ಆದರೂ ಖಾತ್ರಿ ಇಲ್ಲ ಎಂದೆ. ಅಜ್ಜ ಮಕ್ಕಳ ಕಡೆ ನೋಡದೆಯೇ, "ಎರಡಕ್ಕೂ ಖಾತ್ರಿ ಇಲ್ಲಂದ ಮ್ಯಾಲ ತೊಗಲ ಹರಿಸಿಕೊಳ್ಳೂದ ಯಾಕ? ಕಟ್ಟ ನಿನ್ನ ಜೋಳಗಿ" ಎಂದ. ನಾಲ್ಕು ತಿಂಗಳಿಗೆ ಪಟಗಾ ಸುತ್ತಿಕೊಂಡೇ ಬಂದ. ಕೈ ಹೆಗಲಿನಷ್ಟೇ ಏರುತ್ತಿತ್ತು. ಹೇಗೆ ಸುತ್ತಿದೆ ಎಂದು ಕೇಳಿದರೆ ಬೆಂಚಿನ ಮೇಲೆ ಕುಳಿತು, ಮೊಣಕೈ ತೊಡೆಗೆ ಊರಿ, ತಲೆಯನ್ನೇ ಕೈಯ ಹತ್ತಿರ ತಂದು ತೋರಿಸಿದ. "ಕೈ ಮ್ಯಾಲ ಬರಾಕ ಒಲ್ಲೆ ಅಂತು. ತಲಿ ಕೆಳಗ ಬಂತು. ನನ್ನ ತಲಿ ಇಷ್ಟ ವರ್ಷದಾಗ ಒಬ್ಬರ ಮಾತ ಕೇಳಿದ್ದ ಇದ ಮೊದಲ!" ಮೇಡಂ ಕೂಡ ನಕ್ಕರು.

ಹೀಗೆ ನೂರಾರು ಮಂದಿಯನ್ನು ಕೇಳಿದವನು ನಾನು.

ಎಂಟು ವರ್ಷದ ಹಿಂದೆ ಒಂದು ಸೋಮವಾರ ಮಧ್ಯಾಹ್ನ ಅಕ್ಕ ಬಂದಳು. ಜೊತೆಗೆ ಅವಳ ಮಗ ಮಾರುತಿ ಮತ್ತು ಊರಿನ ಇಬ್ಬರು. ಅವಳ ಗಂಡ ತೀರಿಕೊಂಡು ಆಗಲೇ ಬಹಳ ವರ್ಷ ಆಗಿತ್ತು. ಹೊಳೆಗೆ ಎಮ್ಮೆ ಹೊಡೆದುಕೊಂಡು ಹೋಗಿದ್ದಾಳೆ, ಯಾವುದೋ ಬೈಕಿನ ಸಪ್ಪಳಕ್ಕೆ ಎಮ್ಮೆ ಬೆದರಿದೆ, ಹಗ್ಗ ಕೈಗೆ ಸುತ್ತಿಕೊಂಡಿದ್ದರಿಂದ ಅವಳನ್ನು ಎಳೆದು ಕೆಡವಿದೆ. ಬಲಗೈಗೆ ಟಾವೆಲ್ ಸುತ್ತಿ, ಸೀರೆಗೆ ಸಗಣಿ ಮೆತ್ತಿಕೊಂಡು, ಬೆಂಚಿನ ಮೇಲೆ ಕುಳಿತಿದ್ದಳು. ನನ್ನನ್ನು ನೋಡಿದವಳೇ, "ಎಲ್ಲಾರಿಗೂ ಬೀಸಾಕ ಹಚ್ಚತಿದ್ದಿ. ನೋಡ, ನಾನೂ ಬೀಸಾಕ ಬಂದೆ" ಎಂದು ನಕ್ಕಳು. ನೋವಿಗೆ ಹಣೆಯ ಮೇಲೆ ಬೆವರಿತ್ತು.

ಎಕ್ಸರೇ ನೋಡಿದೆ. ಹೆಗಲ ಬುಡದಲ್ಲಿ ಮುರಿದು ಜರುಗಿತ್ತು. ಎಲುಬಿನ ನೆರಳು ತೆಳ್ಳಗಿತ್ತು. ಮೇಡಂ ಬಹಳ ಹೊತ್ತು ನೋಡಿದರು.

"ಎಲುಬ ಮೆತ್ತಗ ಅದಾವ, ಬಾಳಪ್ಪಣ್ಣ. ಸ್ಕ್ರೂ ಎಷ್ಟ ಹಿಡೀತಾವ ಹೇಳಾಕ ಬರೂದಿಲ್ಲ. ನನ್ನ ಕೇಳಿದ್ರ ಜೋಳಗಿ ಸಾಕ. ಆದ್ರ ಆಪರೇಷನ್ನೂ ತಪ್ಪಲ್ಲ. ಅಕ್ಕನ್ನ ಕೇಳ್ರಿ. ನಿಮ್ಮ ಅಕ್ಕ ಅಂತ ಅವರ ಬದಲಿ ನೀವ ಹೇಳಬ್ಯಾಡ್ರಿ, ಅವರನ್ನ ಕೇಳ್ರಿ."

ಅಷ್ಟು ಸ್ಪಷ್ಟವಾಗಿ ಹೇಳಿದ್ದರು.

ಹೊರಗೆ ಬಂದೆ. ಮಾರುತಿ ನನ್ನನ್ನು ಪಕ್ಕಕ್ಕೆ ಕರೆದ. "ಮಾಮಾ, ಛಲೋ ಇಲಾಜ ಮಾಡಸ್ರಿ. ಮಾಮಾ ಅಲ್ಲೇ ಅದಾರ ಅಂತ ಊರ ಮಂದಿ ಎಲ್ಲಾ ನೋಡಾಕತ್ತಾರ." ಊರಿನ ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ನನ್ನ ತಲೆಯಲ್ಲಿ ಒಂದೇ ಓಡಿತು. ಇಷ್ಟು ವರ್ಷ ಈ ಆಸ್ಪತ್ರೆಯಲ್ಲಿದ್ದು, ನನ್ನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳಿಗೆ ಒಂದು ಅರಿವೆಯ ತುಂಡು ಕಟ್ಟಿ ಕಳಿಸುವುದೇ? ಜೋಳಿಗೆ ಸಾಕು ಎಂದು ಸಾವಿರ ಸಲ ಬೇರೆಯವರಿಗೆ ಹೇಳಿದ ಬಾಯಿ ಅದು. ಅಕ್ಕನ ಮುಂದೆ ನನಗೆ ಅದು ಸಾಲದು ಅನಿಸಿತು. ದೊಡ್ಡ ಪ್ರೀತಿಗೆ ದೊಡ್ಡ ಆಪರೇಷನ್ನೇ ಆಗಬೇಕು ಅನಿಸಿತು.

"ಏನಂತಾರೋ ಮೇಡಂ?" ಎಂದಳು ಅಕ್ಕ.

"ಆಪರೇಷನ್ ಮಾಡಬೇಕಂತ ಅಕ್ಕಾ."

"ಮಾಡಲೇಬೇಕೇನ?"

"ಹೂಂ, ಮಾಡಲೇಬೇಕಂತ."

ಅಕ್ಕ ಸೀರೆಗೆ ಮೆತ್ತಿದ ಸಗಣಿಯನ್ನು ಎಡಗೈಯಿಂದ ಕೆರೆದಳು. "ಚಂದ್ರಿ ಹಾಲ ಕೊಡೂದಿಲ್ಲೋ ಯಾರಿಗೂ" ಎಂದಳು. ಚಂದ್ರಿ ಅವಳ ಎಮ್ಮೆ. ಬೇರೆ ಕೈ ತಾಗಿದರೆ ಕಾಲು ಝಾಡಿಸುತ್ತಿತ್ತು.

ಅಲ್ಲೇ ಇತ್ತು ಉತ್ತರ. ನಾನು ಕೇಳದಿದ್ದರೂ ಅವಳೇ ಹೇಳಿದ್ದಳು. ಎಮ್ಮೆ ಹಿಂಡುವ ಕೈ ಹೆಗಲಿಗಿಂತ ಮೇಲೆ ಹೋಗಬೇಕಿಲ್ಲ. ಅದು ಕೆಳಗೇ ಆಡುವ ಕೈ. ಬೇರೆ ಯಾರ ಬಾಯಿಂದ ಆ ಮಾತು ಬಂದಿದ್ದರೂ ನಾನು ಓಡಿ ಹೋಗಿ ಮೇಡಂಗೆ ಹೇಳುತ್ತಿದ್ದೆ. "ಚಂದ್ರೀನ ಮಾರುತಿ ನೋಡಕೋತಾನ, ನೀ ಸುಮ್ಮನಿರ" ಎಂದೆ. ಪೇಪರಿನ ಮೇಲೆ, ಈ ಕೈಯಿಂದ ಮಾಡುವ ಕೆಲಸ ಎನ್ನುವಲ್ಲಿ, ನನ್ನ ದೊಡ್ಡ ಅಕ್ಷರದಲ್ಲಿ "ಮನೆಗೆಲಸ" ಎಂದು ಬರೆದೆ.

ಒಳಗೆ ಹೋಗಿ, "ಕೇಳಿದ್ನಿರಿ. ಆಪರೇಷನ್ನ ಬೇಕ ಅಂತಾಳ್ರಿ" ಎಂದೆ. ಮೇಡಂ ತಾವೇ ಬಂದು ಅಕ್ಕನನ್ನು ವಿಚಾರಿಸಿದರು, "ನಿಮಗ ಒಪ್ಪಿಗಿ ಐತೇನವ್ವಾ?" ಎಂದು. ಅಕ್ಕ ನನ್ನ ಕಡೆ ಕೈ ಮಾಡಿ, "ತಮ್ಮ ಹೇಳ್ಯಾನಲ್ರಿ, ಅದ ಬರೋಬರಿ" ಎಂದಳು. ಬಲಗೈ ಏಳುತ್ತಿರಲಿಲ್ಲ. ಒಪ್ಪಿಗೆಯ ಕಾಗದಕ್ಕೆ ಅವಳ ಎಡಗೈ ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿಸಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಅದರಲ್ಲಿ ಯಾರ ಲೋಪವೂ ಇಲ್ಲ. ಆದರೆ ಎರಡನೆಯ ತಿಂಗಳಿಗೆ ಮೆತ್ತಗಿನ ಎಲುಬು ಕುಸಿದು, ಸ್ಕ್ರೂಗಳ ಮೊನೆ ಕೀಲಿನೊಳಗೆ ಚುಚ್ಚತೊಡಗಿತು. ಕೈ ಆಡಿಸಿದರೆ ಒಳಗೆ ಕರಕರ ಸದ್ದು. ಬೀಸುಕಲ್ಲಿನ ವ್ಯಾಯಾಮ ಹುಟ್ಟಿಸಿದವಳಿಗೇ ಬೀಸಲು ಆಗಲಿಲ್ಲ. ಮತ್ತೆ ಮೇಜು ಹತ್ತಿಸಿ ಪ್ಲೇಟು ಸ್ಕ್ರೂ ತೆಗೆದರು. ಅಷ್ಟರಲ್ಲಿ ಚಂದ್ರಿಯ ಹಾಲು ಬತ್ತಿಹೋಯಿತು. ಮಾರುತಿ ಅದನ್ನು ಶೇಡಬಾಳದವರಿಗೆ ಕೊಟ್ಟುಬಿಟ್ಟ. ಅಕ್ಕನ ಕೈ ಉಣ್ಣಲು, ಸೆರಗು ಹೊದೆಯಲು ಸಾಕಾಗುವಷ್ಟು ಬಂತು. ಹಿಂಡುವ ಕಸುವು ಬರಲಿಲ್ಲ. ಆಮೇಲೆ ಅವಳು ಎಮ್ಮೆ ಕಟ್ಟಲಿಲ್ಲ.

ಜೋಳಿಗೆ ಕಟ್ಟಿದ್ದರೆ ಕೈ ಮೊದಲಿನಂತೆ ಆಗುತ್ತಿತ್ತು ಎಂದು ನಾನು ಎದೆ ಮುಟ್ಟಿ ಹೇಳಲಾರೆ. ಯಾರೂ ಹೇಳಲಾರರು. ಆಪರೇಷನ್ ಮಾಡಿಸಿದ್ದು ನನ್ನ ತಪ್ಪಲ್ಲ. ಎರಡು ದಾರಿ ಇದ್ದಾಗ ಒಂದೇ ಇದೆ ಎಂದದ್ದು ನನ್ನ ತಪ್ಪು. ಅವಳ ಕೈಯ ಮಾತನ್ನು ಅವಳಿಂದ ಕಸಿದುಕೊಂಡು, ಅದಕ್ಕೆ ಪ್ರೀತಿ ಎಂದು ಹೆಸರಿಟ್ಟದ್ದು ನನ್ನ ತಪ್ಪು.

ಅಕ್ಕ ಮಾತ್ರ ಊರಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಬಾಳ್ಯಾ ಎರಡೆರಡ ಆಪರೇಷನ್ ಮಾಡಿಸಿದ, ತಾಯಿಗಿಂತ ಹೆಚ್ಚ ನೋಡಿದ. ನನ್ನ ಎಲುಬ ಹಾಳಾಗಿದ್ದೂ, ಅಂವ ಏನ ಮಾಡಿಯಾನು?" ಎನ್ನುತ್ತಿದ್ದಳು. ಆ ಹೊಗಳಿಕೆ ಕೇಳುವುದಾಗದೆ ನಾನು ಜುಗೂಳಕ್ಕೆ ಹೋಗುವುದನ್ನೇ ಕಡಿಮೆ ಮಾಡಿದೆ. ಕೆಲಸ ಬಹಳ ಎಂದು ನೆಪ ಹೇಳುತ್ತಿದ್ದೆ. ನಿವೃತ್ತಿಯಾದ ಮೇಲೆ ಆ ನೆಪವೂ ಹೋಯಿತು.

ಕಳೆದ ವರ್ಷ ನಾನು ಬಿದ್ದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಗೆ ಕಾಲು ಜಾರಿತು, ಎಡ ರಟ್ಟೆ ಹೆಗಲ ಬುಡದಲ್ಲೇ ಮುರಿಯಿತು. ಬಿದ್ದಲ್ಲೇ ಗೊತ್ತಾಯಿತು, ಎಕ್ಸರೇ ಬೇಕಾಗಿರಲಿಲ್ಲ. ಮೇಡಂ ನೋಡಿ, "ಎರಡೂ ದಾರಿ ಅದಾವ, ಬಾಳಪ್ಪಣ್ಣ. ಈ ಕೈಲೆ ಏನ ಕೆಲಸ ಮಾಡ್ತೀರಿ?" ಎಂದರು. ನನ್ನ ಪ್ರಶ್ನೆ ನನಗೇ. "ಚಹಾದ ಕಪ್ಪ ಎತ್ತತೀನ್ರಿ. ಜೋಳಗಿ ಕಟ್ಟಿ ಬಿಡ್ರಿ" ಎಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ.

ಹೆಂಡತಿ ಮಗಳ ಬಾಣಂತನಕ್ಕೆ ರಾಯಬಾಗಕ್ಕೆ ಹೋಗಿದ್ದಳು. ಸುದ್ದಿ ತಿಳಿದು ಅಕ್ಕ ಎರಡು ಬಸ್ಸು ಬದಲಿಸಿ ಚಿಕ್ಕೋಡಿಗೆ ಬಂದಳು. ಎಡಗೈಯಲ್ಲಿ ರೊಟ್ಟಿಯ ಗಂಟು. ಬಾಗಿಲಲ್ಲಿ ನಿಂತು ನನ್ನ ಕೊರಳ ಜೋಳಿಗೆ ನೋಡಿದಳು.

"ಆಪರೇಷನ್ ಯಾವಾಗೋ?"

"ಇಲ್ಲ ಅಕ್ಕಾ. ಇಷ್ಟ ಸಾಕಂತ."

"ನಂದೂ ಇಲ್ಲೇ ಮುರದಿತ್ತಲ್ಲ?"

"ಹೂಂ."

"ಹಂಗಾರ ನನಗ ಮಾಡಲೇಬೇಕ ಅಂದ್ರು. ನಿನಗ ಬ್ಯಾಡ ಅಂದ್ರ?"

ಇನ್ನೊಂದು ಸುಳ್ಳು ಹೇಳಬಹುದಿತ್ತು. ನಿನ್ನದು ಬೇರೆ ತರಹ ಮುರಿದಿತ್ತು ಎಂದರೆ ಮುಗಿಯುತ್ತಿತ್ತು, ಅವಳು ನಂಬುತ್ತಿದ್ದಳು. ಬಾಯಿಗೆ ಬಂದದ್ದು ನಿಜ. ಹೊಸ್ತಿಲ ಮೇಲೆ ಕುಳಿತು ಎಲ್ಲ ಹೇಳಿದೆ. ಮೇಡಂ ಹೇಳಿದ್ದು, ಮಾರುತಿ ಹೇಳಿದ್ದು, ನಾನು ಬರೆದ "ಮನೆಗೆಲಸ". ಹೇಳಿದೆ ಅಷ್ಟೆ, ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ.

ಅಕ್ಕ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ರೊಟ್ಟಿಯ ಗಂಟು ಬಿಚ್ಚುತ್ತ ಕೇಳಿದಳು. "ಆವತ್ತ ನೀ ಕೇಳಿದ್ರ ನಾ ಏನ ಅಂತಿದ್ದೆ, ಗೊತ್ತೈತೇನ?"

"ಇಲ್ಲ ಅಕ್ಕಾ."

"ನನಗೂ ಗೊತ್ತಿಲ್ಲ. ಯಾರರ ಕೇಳಿದ್ರ ಅಲ್ಲೇನ ಗೊತ್ತಾಗೂದು?"

ಮುಂದೆ ಹನ್ನೆರಡು ದಿನ ನನ್ನ ಮನೆಯಲ್ಲೇ ಇದ್ದಳು. ಚಹಾ ಕೊಟ್ಟಳು, ಒಂದೂವರೆ ಕೈಯಲ್ಲಿ ರೊಟ್ಟಿ ತಟ್ಟಿದಳು, ನನ್ನ ಬೆನ್ನಿಗೆ ದಿಂಬು ಸರಿ ಮಾಡಿದಳು. ಮಾತು ಮಾತ್ರ ಬೇಕಾದಷ್ಟೇ. ಅವಳು ನನ್ನನ್ನು ಬಾಳ್ಯಾ ಎನ್ನದೆ ಬಾಳಪ್ಪ ಎಂದು ಕರೆದದ್ದು ನನ್ನ ಬದುಕಿನಲ್ಲಿ ಆ ಹನ್ನೆರಡು ದಿನ ಮಾತ್ರ. ಎಲುಬಿನ ನೋವು ಅದರ ಮುಂದೆ ಏನೂ ಅಲ್ಲ.

ಹದಿಮೂರನೆಯ ದಿನ ಅಮಾವಾಸ್ಯೆ. ಮುಂಜಾನೆ ಸ್ನಾನ ಮುಗಿಸಿ, ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡು ಬಂದು ನನ್ನ ಎದುರು ನಿಂತಳು.

"ಅಮಾಸಿ ಬಂತು. ತೆಗಿ ಜೋಳಗಿ."

ತಾನೇ ಗಂಟು ಬಿಚ್ಚಿದಳು. ನನ್ನ ಬಲಗೈಯನ್ನು ಮಂಚದ ಮೇಲೆ ಊರಿಸಿದಳು. "ಬಗ್ಗು. ಕೈ ಜೋತ ಬಿಡು. ಬೀಸೂಕಲ್ಲ ಐತಿ ಅನಕೋ."

ಬಗ್ಗಿದೆ. ಕೈ ಜೋತು ಬಿತ್ತು, ಹೆಗಲಲ್ಲಿ ಬೆಂಕಿ ಹೊತ್ತಿಕೊಂಡಂತಾಯಿತು. ಅಕ್ಕ ಬಗ್ಗಿ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಒಂದು ಸುತ್ತು ತಿರುಗಿಸಿದಳು. ಹಿಡಿದದ್ದು ಬಲಗೈಯಿಂದ. ಕಸುವಿಲ್ಲದ ಆ ಹಿಡಿತ ನನ್ನ ಚರ್ಮಕ್ಕೆ ತಿಳಿಯಿತು. ರಟ್ಟೆಯ ಮೇಲೆ ಎರಡು ಸಲ ಕೊಯ್ದ ಗೆರೆ ನನ್ನ ಕಣ್ಣ ಮುಂದೆಯೇ ಇತ್ತು.

"ನೋಯಾಕತ್ತೈತೇನೋ, ಬಾಳ್ಯಾ?" ಎಂದಳು.

ನಾನು ಬಗ್ಗಿದಲ್ಲೇ ಇದ್ದೆ. ಆ ಹೆಸರು ಕೇಳಿದ ಮೇಲೆ ತಲೆ ಎತ್ತಲು ಆಗಲಿಲ್ಲ. ನೆಲ ನೋಡುತ್ತಲೇ, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಅಕ್ಕಾ, ಕೈ ನಿಂದಿತ್ತು. ನಿನ್ನ ಕೇಳಬೇಕಾಗಿತ್ತು, ಕೇಳಲಿಲ್ಲ. ತಪ್ಪಾತ ಅಕ್ಕಾ."